ಏಳು ಕಿಲೋಮೀಟರಿಗೆ ಹದಿನೇಳು ಸಾವಿರ: ಮನೆ ಬದಲಾಯಿಸಿದ ಲೆಕ್ಕ

ಶ್ರೀನಗರದಿಂದ ಉತ್ತರಹಳ್ಳಿಗೆ ಏಳು ಕಿಲೋಮೀಟರ್ ಆಸುಪಾಸು. ಕತ್ರಿಗುಪ್ಪೆ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಳ್ಳದಿದ್ದರೆ ಆಟೋದಲ್ಲಿ ಅರ್ಧ ಗಂಟೆ. ಅಷ್ಟು ದೂರಕ್ಕೆ ಎರಡು ಬೆಡ್‌ರೂಮಿನ ಮನೆಯ ಸಾಮಾನು ಸಾಗಿಸಲು ಕಳೆದ ವರ್ಷ ನನಗೆ ಒಟ್ಟು 17,294 ರೂಪಾಯಿ ಖರ್ಚಾಯಿತು. ಜಾಸ್ತಿ ಆಯಿತು ಅಂತ ನಮ್ಮ ತಂಗಿ ಈಗಲೂ ಹೇಳುತ್ತಾಳೆ. ಆದರೆ ನಾನು ಎತ್ತಿಟ್ಟಿದ್ದು 18,000. ಆ ದಿನ ಯಾರ ಹತ್ತಿರವೂ ಜಗಳ ಆಗಲಿಲ್ಲ, ಯಾರೂ ನನ್ನನ್ನು ದುಡ್ಡಿಗಾಗಿ ಬಾಗಿಲಲ್ಲಿ ನಿಲ್ಲಿಸಲಿಲ್ಲ. ಇದರ ಬೆಲೆ ನನಗೆ ಗೊತ್ತು, ಯಾಕೆಂದರೆ ಅದರ ಹಿಂದಿನ ಸಲ ಎರಡೂ ಆಗಿತ್ತು.

2019ರಲ್ಲಿ ಹೊಸಕೆರೆಹಳ್ಳಿಯಿಂದ ಶ್ರೀನಗರಕ್ಕೆ ಬಂದಾಗ ಫೋನಿನಲ್ಲೇ ಮಾತಾಡಿ ಮುಗಿಸಿದ್ದೆ. "2 ಬಿಎಚ್‌ಕೆ, ಹತ್ತಿರದ ಶಿಫ್ಟಿಂಗ್, 6,500 ಕೊಡಿ ಮೇಡಂ, ಎಲ್ಲಾ ಸೇರಿ" ಅಂದರು. ಸಂಜೆ ಆರಕ್ಕೆ ಗಾಡಿ ಹೊಸ ಮನೆಯ ಮುಂದೆ ನಿಂತಿತು, ಮಳೆ ಹನಿಯುತ್ತಿತ್ತು, ಮೇಲೆ ಟಾರ್ಪಾಲು ಇಲ್ಲ. ಆಗ ಒಂದು ಚೀಟಿ ಕೈಗೆ ಬಂತು. ಲಿಫ್ಟ್ ಇಲ್ಲದ್ದಕ್ಕೆ 1,200, ಪ್ಯಾಕಿಂಗ್ ಸಾಮಾನಿಗೆ 1,500, ಮಂಚ ಬಿಚ್ಚಿ ಜೋಡಿಸಲು 700, ಗಾಡಿ ಕಾದದ್ದಕ್ಕೆ 900. ಒಟ್ಟು 10,800. ಕೊಟ್ಟ ಮೇಲೇ ಇಳಿಸೋದು ಅಂದರು. ಹಾಸಿಗೆ ನೆನೆಯುತ್ತಿತ್ತು. ನಮ್ಮ ಅತ್ತೆ ಗಾಡಿಯ ಪಕ್ಕದಲ್ಲಿ ದೇವರ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಕೊಟ್ಟೆ.

ಆ ಚೀಟಿಯನ್ನು ನಾನು ಬಿಸಾಡಲಿಲ್ಲ. ಆಮೇಲೆ ಎಷ್ಟೋ ಸಲ ತೆಗೆದು ನೋಡಿದ್ದೇನೆ. ಅದರಲ್ಲಿ ಬರೆದದ್ದು ಯಾವುದೂ ಸುಳ್ಳಾಗಿರಲಿಲ್ಲ. ಲಿಫ್ಟ್ ನಿಜಕ್ಕೂ ಇರಲಿಲ್ಲ, ಮಂಚ ನಿಜಕ್ಕೂ ಬಿಚ್ಚಿದ್ದರು. ಮೋಸ ಇದ್ದದ್ದು ಅದನ್ನು ಹೇಳಿದ ಹೊತ್ತಿನಲ್ಲಿ. ಇವೆಲ್ಲ ಬೆಳಿಗ್ಗೆಯೇ, ಅಥವಾ ಒಂದು ವಾರ ಮೊದಲೇ ಗೊತ್ತಿದ್ದ ವಿಷಯಗಳು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಹಾಗಾಗಿ ಈ ಸಲ ಶುರು ಮಾಡಿದ್ದೇ ಕೇಳುವುದರಿಂದ.

ಮೂರು ಕಡೆ ವಿಚಾರಿಸಿದೆ. ಮೊದಲನೆಯವರು ಫೋನಿನಲ್ಲೇ 9,000 ಅಂದರು, ಮನೆ ನೋಡಲು ಬರಲ್ಲ ಅಂದರು. ಎರಡನೆಯವರು ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ ಮನೆ ನೋಡಿ 14,000 ಹೇಳಿದರು. ಮೂರನೆಯವರು ಒಬ್ಬ ಸೂಪರ್‌ವೈಸರ್‌ನ ಕಳಿಸಿದರು. ಆತ ಚಪ್ಪಲಿ ಬಿಟ್ಟು ಒಳಗೆ ಬಂದ ತಕ್ಷಣ ಮಾಡಿದ ಕೆಲಸ ಏನು ಗೊತ್ತಾ? ತಲೆ ಎತ್ತಿ ಅಟ್ಟ ನೋಡಿದ್ದು. "ಅಟ್ಟದ ಬಾಗಿಲು ತೆಗೀರಿ ಮೇಡಂ, ಅಲ್ಲೇ ಅರ್ಧ ಮನೆ ಇರುತ್ತೆ" ಅಂದ. ಇತ್ತು. ಹಬ್ಬದ ದೊಡ್ಡ ಪಾತ್ರೆಗಳು, ದಸರಾ ಗೊಂಬೆಗಳ ಮೂರು ಪೆಟ್ಟಿಗೆ, ಮಗಳ ಹಳೆಯ ಸೈಕಲ್, ಟಿವಿಯ ಡಬ್ಬ. ಆಮೇಲೆ ಆತ ಮೆಟ್ಟಿಲು ಇಳಿಯುತ್ತಾ ಬಾಯಲ್ಲೇ ಎಣಿಸಿದ. ಮೂವತ್ತೆಂಟು, ಮಧ್ಯದಲ್ಲಿ ಎರಡು ತಿರುವು. ಕೆಳಗೆ ಹೋಗಿ ಬೀದಿಯ ಅಗಲ ನೋಡಿದ. ಎರಡೂ ಕಡೆ ಕಾರು ನಿಂತರೆ ಸಾಮಾನಿನ ಗಾಡಿ, ಟಾಟಾ 407, ಒಳಗೆ ಬರಲ್ಲ, ಮೇನ್ ರೋಡಿನಲ್ಲೇ ನಿಲ್ಲಿಸಬೇಕು, ಅಲ್ಲಿಂದ ಇಲ್ಲಿಗೆ ಹೊತ್ತರೆ ಒಂದೊಂದು ಡಬ್ಬಕ್ಕೂ ಹೋಗಿ ಬರಲು ಎರಡು ನಿಮಿಷ ಜಾಸ್ತಿ, ಅದಕ್ಕೆ 800 ಆಗುತ್ತೆ ಅಂತ ಅಲ್ಲೇ ಹೇಳಿದ.

ಕಿಲೋಮೀಟರ್ ಬಗ್ಗೆ ಆತ ಒಂದು ಮಾತೂ ಆಡಲಿಲ್ಲ. ಊರೊಳಗೆ ಮನೆ ಬದಲಾಯಿಸುವಾಗ ಡೀಸೆಲ್ ಖರ್ಚು ಅಷ್ಟೇನಿಲ್ಲ ಅನ್ನುವುದು ನನಗೆ ಹೊಳೆದದ್ದು ಆಗಲೇ. ನಾವು ದುಡ್ಡು ಕೊಡುವುದು ನಾಲ್ಕು ಜನ ಗಂಡಸರ ಬೆನ್ನಿಗೆ ಮತ್ತು ಹೊತ್ತಿಗೆ. ನಮ್ಮ ಬಾಗಿಲಿಂದ ಗಾಡಿಯವರೆಗೆ, ಗಾಡಿಯಿಂದ ಆ ಬಾಗಿಲವರೆಗೆ ಎಷ್ಟು ಹೆಜ್ಜೆ ಅನ್ನುವುದೇ ಬಿಲ್ಲು. ಇದು ತಲೆಗೆ ಹೋದ ಮೇಲೆ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಅಂತ ತಾನಾಗೇ ಕಾಣತೊಡಗಿತು.

ಆತನ ಕೊಟೇಶನ್ 11,500. ಕೆಳಗೆ ಸಣ್ಣಕ್ಷರದಲ್ಲಿ ಜಿಎಸ್‌ಟಿ 18% ಬೇರೆ. ಅಂದರೆ 13,570. ಈ ಸಾಲನ್ನು ಓದದೆ ಮೂರು ಕೊಟೇಶನ್ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. 14,000 ಹೇಳಿದವರದ್ದು ತೆರಿಗೆ ಸೇರಿಸಿ, ಹಾಗಾಗಿ ಇಬ್ಬರಿಗೂ ವ್ಯತ್ಯಾಸ ಬರೀ 430 ರೂಪಾಯಿ. 9,000 ಹೇಳಿದವರನ್ನು ಲಿಫ್ಟ್, ಪ್ಯಾಕಿಂಗ್, ತೆರಿಗೆ ಎಲ್ಲಾ ಬರೆದು ಕಳಿಸಿ ಅಂತ ಎರಡು ಸಲ ಕೇಳಿದೆ. "ಬನ್ನಿ ಮೇಡಂ, ಅಡ್ಜಸ್ಟ್ ಮಾಡ್ಕೊಳ್ಳೋಣ" ಅಂತ ಮೆಸೇಜ್ ಬಂತು. ಅವರನ್ನು ಬಿಟ್ಟೆ.

ಮನೆಗೇ ಬಂದು ನೋಡಿದ ಆ ಸೂಪರ್‌ವೈಸರ್ ಹತ್ತಿರವೇ ಕೂತು ಚೌಕಾಸಿ ಮಾಡಿದೆ. ಬರೀ ಕಡಿಮೆ ಮಾಡಿ ಅಂತ ಕೇಳಲಿಲ್ಲ, ಯಾವ ಕೆಲಸ ನಾನೇ ಮಾಡಿಕೊಂಡರೆ ಎಷ್ಟು ಇಳಿಯುತ್ತೆ ಅಂತ ಕೇಳಿದೆ. ಅಡುಗೆಮನೆ, ಪುಸ್ತಕ, ಬಟ್ಟೆ ನಾವೇ ಕಟ್ಟಿದರೆ 1,700 ಇಳಿಸುತ್ತೇನೆ ಅಂದ. 9,800, ತೆರಿಗೆ 1,764, ಒಟ್ಟು 11,564. ಗಾಜು, ಟಿವಿ, ಫ್ರಿಜ್ಜು, ವಾಷಿಂಗ್ ಮಷಿನ್ ಕಟ್ಟುವುದು ಅವರದ್ದೇ. ಮಹಡಿ, ಮಂಚ ಬಿಚ್ಚುವುದು, ಗಾಡಿ, ನಾಲ್ಕು ಜನ, ಎಲ್ಲವೂ ಸೇರಿದೆ ಅಂತ ಒಂದೊಂದೇ ಸಾಲು ಬರೆಸಿಕೊಂಡೆ. ಮುಂಗಡ 1,000 ಮಾತ್ರ, ಅದೂ ಕಂಪನಿಯ ಹೆಸರಿನ ಖಾತೆಗೆ. ಉಳಿದದ್ದು ಕೊನೆಯ ಡಬ್ಬ ಮನೆಯೊಳಗೆ ಬಂದ ಮೇಲೆ. ಈ ಕೊನೆಯ ಸಾಲಿಗೆ ಆತ ಸ್ವಲ್ಪ ಹಿಂಜರಿದ. ನಾನು ಬಿಡಲಿಲ್ಲ.

ವಿಮೆಯ ಮಾತೂ ಬಂತು. ಸಾಮಾನಿನ ಬೆಲೆಯ ಮೇಲೆ 3% ಕೊಟ್ಟರೆ ಇನ್ಶೂರೆನ್ಸ್ ಅಂದರು. ಯಾವ ವಿಮಾ ಕಂಪನಿ, ನನ್ನ ಹೆಸರಿಗೆ ಪಾಲಿಸಿ ಬರುತ್ತಾ ಅಂತ ಕೇಳಿದಾಗ, ಅದು ಅವರೇ ಕೊಡುವ ಭರವಸೆ ಅಂತ ಗೊತ್ತಾಯಿತು. ಪಾಲಿಸಿ ಇಲ್ಲದ ವಿಮೆಗೆ ನಾನು ದುಡ್ಡು ಕೊಡಲ್ಲ. ಅದರ ಬದಲು ಹಿಂದಿನ ರಾತ್ರಿ ಪ್ರತಿಯೊಂದು ದೊಡ್ಡ ವಸ್ತುವಿನ ನಾಲ್ಕೂ ಕಡೆ ಫೋಟೋ ತೆಗೆದೆ, ಒಡವೆ, ಮನೆ ಪತ್ರಗಳು, ಲ್ಯಾಪ್‌ಟಾಪ್ ನಮ್ಮ ಸ್ಕೂಟರಿನಲ್ಲೇ ಹೋದವು.

ದಿನ ಗೊತ್ತು ಮಾಡುವುದರಲ್ಲಿ ನಾನು ತಪ್ಪು ಲೆಕ್ಕ ಹಾಕುವುದರಲ್ಲಿದ್ದೆ. ಆಷಾಢದಲ್ಲಿ ನಮ್ಮ ಕಡೆ ಯಾರೂ ಹೊಸ ಮನೆಗೆ ಹೋಗಲ್ಲ, ಗಾಡಿಗಳು ಖಾಲಿ ಇರುತ್ತವೆ, ರೇಟು ಇಳಿಯುತ್ತೆ. ಜ್ಯೇಷ್ಠದಲ್ಲೇ ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿ, ಸಾಮಾನನ್ನು ಹನ್ನೆರಡು ದಿನ ಬಿಟ್ಟು ಆಷಾಢದಲ್ಲಿ ತಂದರೆ 1,500 ಕಡಿಮೆ ಮಾಡುತ್ತೇನೆ ಅಂತ ಸೂಪರ್‌ವೈಸರ್ ಹೇಳಿದ್ದ. ಹಾಲು ಉಕ್ಕಿಸಿದ ಮೇಲೆ ಸಾಮಾನು ಯಾವತ್ತು ಬಂದರೂ ದೋಷ ಇಲ್ಲ ಅಂತ ಅತ್ತೆಯೂ ಒಪ್ಪಿದರು. ರಾತ್ರಿ ಕ್ಯಾಲೆಂಡರ್ ಹಿಡಿದು ಕೂತಾಗ ಹೊಸ ಮನೆಯ ಬಾಡಿಗೆ ನೆನಪಾಯಿತು. ತಿಂಗಳಿಗೆ 21,000, ದಿನಕ್ಕೆ 700. ಹನ್ನೆರಡು ದಿನ ಬೀಗ ಹಾಕಿದ ಮನೆಗೆ 8,400 ಕೊಟ್ಟು ಗಾಡಿಯಲ್ಲಿ 1,500 ಉಳಿಸಿದ ಹಾಗಾಗುತ್ತಿತ್ತು. ಶುಕ್ರವಾರ ಹಾಲು ಉಕ್ಕಿಸಿದೆವು, ಸೋಮವಾರ ಸಾಮಾನು ಹೋಯಿತು. ಶನಿವಾರ, ಭಾನುವಾರದ ರೇಟು ಜಾಸ್ತಿ, ಸೋಮವಾರ ರಜೆ ಹಾಕಿದ್ದು ಒಳ್ಳೆಯದೇ ಆಯಿತು.

ಇದರ ಜೊತೆಗೆ ಅಡ್ವಾನ್ಸ್ ವಿಷಯ. ಹೊಸ ಮನೆಯವರಿಗೆ ಅಡ್ವಾನ್ಸ್ ಮೊದಲೇ ಕೊಡಬೇಕು, ಹಳೆಯ ಮನೆಯವರು ಖಾಲಿ ಮಾಡಿ ಬೀಗದ ಕೈ ಕೊಟ್ಟ ಮೇಲೆ, ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಂಡು ವಾಪಸ್ ಕೊಡುತ್ತಾರೆ. ಮಧ್ಯದ ಆ ಹದಿನೈದು ಇಪ್ಪತ್ತು ದಿನ ಕೈ ಪೂರಾ ಖಾಲಿ. ಶಿಫ್ಟಿಂಗ್ ದುಡ್ಡನ್ನು ವಾಪಸ್ ಬರುವ ಅಡ್ವಾನ್ಸಿನಿಂದ ಕೊಡೋಣ ಅಂತ ಅಂದುಕೊಳ್ಳಲೇಬೇಡಿ. ನಾನು ಮೂರು ತಿಂಗಳು ಮೊದಲಿಂದ ತಿಂಗಳಿಗೆ 6,000ದಂತೆ ಬೇರೆ ತೆಗೆದಿಟ್ಟೆ.

ಸಾಮಾನು ಸಾಗಿಸುವ ಮುಂಚೆಯೇ ಒಂದು ಭಾನುವಾರ ಅಳತೆ ಟೇಪು ಹಿಡಿದು ಹೊಸ ಮನೆಗೆ ಹೋಗಿದ್ದೆ. ಅಲ್ಲಿ ಮೂರನೇ ಮಹಡಿ, ಲಿಫ್ಟ್ ಇದೆ. ಲಿಫ್ಟಿನ ಬಾಗಿಲು ಎರಡು ಅಡಿ ಎಂಟು ಇಂಚು. ನಮ್ಮ ಗೋದ್ರೇಜ್ ಬೀರು ಮೂರು ಅಡಿ ಅಗಲ, ಆದರೆ ಆಳ ಒಂದೂವರೆ ಅಡಿ ಚಿಲ್ಲರೆ, ಓರೆಯಾಗಿ ಹೋಗುತ್ತೆ. ಮೂರು ಜನ ಕೂರುವ ಸೋಫಾ ಹೋಗಲ್ಲ, ಮೆಟ್ಟಿಲಲ್ಲೇ ಹೊರಬೇಕು, ಅದಕ್ಕೆ 900. ಹನ್ನೊಂದು ವರ್ಷದ ಸೋಫಾ. ಕೆಳಮನೆಯವರಿಗೆ 2,000ಕ್ಕೆ ಕೊಟ್ಟುಬಿಟ್ಟೆ. ಅಲ್ಲಿಂದ ಮುಂದೆ ಪ್ರತಿ ವಸ್ತುವಿಗೂ ಅದೇ ಪ್ರಶ್ನೆ ಕೇಳಿದೆ, ಇದನ್ನು ಇಳಿಸಿ ಹತ್ತಿಸುವಷ್ಟು ಬೆಲೆ ಇದಕ್ಕಿದೆಯಾ ಅಂತ. ಅಟ್ಟದ ಅರ್ಧ ಗುಜರಿಗೆ ಹೋಯಿತು. ಗೊಂಬೆಗಳ ಪೆಟ್ಟಿಗೆಗೆ ಮಾತ್ರ ಆ ಪ್ರಶ್ನೆ ಕೇಳಲಿಲ್ಲ.

ಹೊಸ ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನವರು ಸಾಮಾನು ಒಳಗೆ ತರಲು 1,500 ತೆಗೆದುಕೊಂಡರು, ಹತ್ತರಿಂದ ಐದರೊಳಗೆ ಮುಗಿಸಬೇಕು, ಭಾನುವಾರ ಇಲ್ಲ. ಇದು ಸಾಗಿಸುವವರ ಬಿಲ್ಲಿನಲ್ಲಿ ಬರಲ್ಲ, ಮುಂಚೆ ಕೇಳದಿದ್ದರೆ ಗೇಟಿನಲ್ಲಿ ಗೊತ್ತಾಗುತ್ತೆ. ಹಾಗೇ ಗೀಸರ್ ಬಿಚ್ಚಿ ಹಾಕಲು ಪ್ಲಂಬರ್‌ಗೆ 900, ನೀರಿನ ಫಿಲ್ಟರಿಗೆ 450, ಫ್ಯಾನು ಲೈಟುಗಳಿಗೆ ಎಲೆಕ್ಟ್ರಿಷಿಯನ್ 700. ಡಬ್ಬ, ಟೇಪು, ಗೋಣಿಚೀಲಕ್ಕೆ 620. ಡಬ್ಬಗಳನ್ನು ಕಿರಾಣಿ ಅಂಗಡಿಯಿಂದ ತಂದೆ. ಬಿಸ್ಕತ್ತಿನ ಡಬ್ಬ ದೊಡ್ಡದು, ಬಟ್ಟೆಗೆ ಸರಿ. ಪುಸ್ತಕಕ್ಕೆ ಚಿಕ್ಕ ಡಬ್ಬವೇ ಬೇಕು, ದೊಡ್ಡದರಲ್ಲಿ ತುಂಬಿದರೆ ತಳ ಬಿಟ್ಟುಹೋಗುತ್ತೆ, ಎತ್ತುವವರ ಸೊಂಟವೂ ಹೋಗುತ್ತೆ. ಪ್ರತಿ ಡಬ್ಬಕ್ಕೂ ನಂಬರ್ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಒಟ್ಟು 47.

ಭಾನುವಾರ ಸಂಜೆ ಬೀದಿಯಲ್ಲಿ ನಾಲ್ಕು ಮನೆಗೆ ಹೋಗಿ, ನಾಳೆ ಮಧ್ಯಾಹ್ನದವರೆಗೆ ಕಾರು ಪಕ್ಕದ ಕ್ರಾಸಿನಲ್ಲಿ ನಿಲ್ಲಿಸ್ತೀರಾ ಅಂತ ಕೇಳಿದೆ. ಆರು ವರ್ಷ ಒಟ್ಟಿಗಿದ್ದವರು, ಯಾರೂ ಇಲ್ಲ ಅನ್ನಲಿಲ್ಲ. ಆ 800 ಉಳಿಯಿತು. ಫ್ರಿಜ್ಜನ್ನು ಅವತ್ತೇ ಆಫ್ ಮಾಡಿ ನೀರಿಳಿಸಿದ್ದೆ.

ಬೆಳಿಗ್ಗೆ ಏಳಕ್ಕೆ ನಾಲ್ಕು ಜನ ಬಂದರು. ಅವರು ಬೀರು ಇಳಿಸಿದ್ದನ್ನು ನಾನು ಮರೆಯಲ್ಲ. ಬಾಗಿಲಿಗೆ ಹಗ್ಗ ಸುತ್ತಿ, ಹಳೆಯ ಕಂಬಳಿ ಹೊದಿಸಿದರು. ಹೆಗಲ ಮೇಲಿಂದ ಅಗಲವಾದ ಪಟ್ಟಿ ಹಾಕಿಕೊಂಡು ಒಬ್ಬ ಕೆಳಗೆ, ಒಬ್ಬ ಮೇಲೆ. ಕೆಳಗಿದ್ದವನು ಹಿಮ್ಮುಖವಾಗಿ ಇಳಿಯುತ್ತಿದ್ದ, ಮೆಟ್ಟಿಲು ಕಾಣುತ್ತಿರಲಿಲ್ಲ. ಪ್ರತಿ ಸಲ ಹಿಮ್ಮಡಿಯಿಂದ ತಡಕಿ, ಅಂಚು ಸಿಕ್ಕಿದ ಮೇಲೆ "ಹ್ಞಾ" ಅನ್ನುತ್ತಿದ್ದ, ಆಗ ಮೇಲಿನವನು ಭಾರ ಬಿಡುತ್ತಿದ್ದ. ಮೊದಲ ತಿರುವಿನಲ್ಲಿ ಬೀರಿನ ಮೂಲೆ ಕಂಬಿಗೆ ಸಿಕ್ಕಿತು. ಇಬ್ಬರೂ ಅಲ್ಲಾಡದೆ ನಿಂತರು. ಮೂರನೆಯವನು ಬಂದು ಕೆಳಗೆ ಭುಜ ಕೊಟ್ಟು ಮೂಲೆಯನ್ನು ಎರಡು ಬೆರಳಷ್ಟು ಎತ್ತಿದ. ಆ ಒಂದು ತಿರುವು ದಾಟಲು ಹನ್ನೊಂದು ನಿಮಿಷ ಆಯಿತು. ಬೀರು ಕೆಳಗೆ ಇಟ್ಟ ಮೇಲೆ ಹಿಮ್ಮುಖವಾಗಿ ಇಳಿದವನು ಅಂಗೈ ಬಿಡಿಸಿ ನೋಡಿಕೊಂಡ, ಪಟ್ಟಿಯ ಗುರುತು ಕೆಂಪಗೆ ಕೂತಿತ್ತು. "ನೀರು ಕೊಡಿ ಅಕ್ಕಾ" ಅಂದ.

ಮಹಡಿಗೆ ಬೇರೆ ದುಡ್ಡು ಯಾಕೆ ಅಂತ 2019ರಲ್ಲಿ ನಾನು ಜಗಳ ಮಾಡಿದ್ದೆ. ಅದು ಆ ಸಂಜೆ ಹೇಳಿದ ರೀತಿಯ ಮೇಲಿನ ಸಿಟ್ಟು. ಆ ಕೆಲಸಕ್ಕೆ ದುಡ್ಡು ಕೊಡಲೇಬೇಕು, ಇನ್ನೂ ಜಾಸ್ತಿಯೇ ಕೊಡಬೇಕು. ಹಾಗಾಗಿಯೇ ಊಟ ಮತ್ತು ಕೈಗೆ ಕೊಡುವ ದುಡ್ಡನ್ನು ನಾನು ಬಜೆಟ್ಟಿನಲ್ಲೇ ಬರೆದಿದ್ದೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಊಟ ಸೇರಿ 760, ಒಬ್ಬೊಬ್ಬರಿಗೆ 200ರಂತೆ 800. ಕಂಪನಿಗೆ ಕೊಟ್ಟ ದುಡ್ಡಿನಲ್ಲಿ ಅವರಿಗೆ ಎಷ್ಟು ಸಿಗುತ್ತೋ, ಇದು ಅವರವರ ಕೈಗೇ ಹೋಗಲಿ ಅಂತ.

ಬೆಳಗಿನ ಟ್ರಾಫಿಕ್ ಹೊತ್ತಿನಲ್ಲಿ ಕೆಲವು ರಸ್ತೆಗಳಲ್ಲಿ ಗೂಡ್ಸ್ ಗಾಡಿ ಬಿಡಲ್ಲ ಅಂತ ಸೂಪರ್‌ವೈಸರ್ ಮೊದಲೇ ಹೇಳಿದ್ದರಿಂದ ಹನ್ನೊಂದರವರೆಗೆ ತುಂಬುವುದೇ ಆಯಿತು. ಹನ್ನೆರಡಕ್ಕೆ ಉತ್ತರಹಳ್ಳಿ. ಮಗಳು ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಂತು ಒಂದೊಂದು ಡಬ್ಬಕ್ಕೂ ಗುರುತು ಹಾಕಿದಳು. 31ನೇ ನಂಬರ್ ಸಿಗಲಿಲ್ಲ. ಹುಡುಕಿದರೆ ಗಾಡಿಯೊಳಗೆ ಟಾರ್ಪಾಲಿನ ಕೆಳಗೆ ಇತ್ತು, ಮಸಾಲೆ ಡಬ್ಬಿಗಳು. ಮಂಚ ಜೋಡಿಸಿ, ಬೀರು ಗೋಡೆಗೆ ಸರಿಸಿ, ಮೂರೂವರೆಗೆ ಮುಗಿಯಿತು. ಬಾಕಿ 10,564 ಕಳಿಸಿ ರಸೀದಿ ತೆಗೆದುಕೊಂಡೆ. ಫ್ರಿಜ್ಜನ್ನು ರಾತ್ರಿ ಎಂಟರ ಮೇಲೆ ಹಾಕಿದೆ.

ಖಾಲಿ ಡಬ್ಬಗಳನ್ನು ಮಡಚಿ ಬಾಲ್ಕನಿಯಲ್ಲಿ ಇಟ್ಟಿದ್ದೆ. ಎರಡು ವಾರ ಬಿಟ್ಟು ಒಂದನೇ ಮಹಡಿಯವರು ಬಂದು, ಅವರೂ ಮನೆ ಖಾಲಿ ಮಾಡುತ್ತಿದ್ದಾರೆ, ಡಬ್ಬ ಕೊಡುತ್ತೀರಾ ಅಂತ ಕೇಳಿದರು. ಕೊಟ್ಟೆ. ಜೊತೆಗೆ ನನ್ನ ಲೆಕ್ಕದ ಹಾಳೆಯ ಒಂದು ಜೆರಾಕ್ಸ್ ಕೊಟ್ಟು, ಯಾರಿಗೂ ಫೋನ್ ಮಾಡುವ ಮೊದಲು ಹೊಸ ಮನೆಗೆ ಹೋಗಿ ಮೆಟ್ಟಿಲು ಎಣಿಸಿಕೊಂಡು ಬನ್ನಿ ಅಂದೆ.