ಕಲಬುರಗಿ ಬಿಸಿಲಿನಲ್ಲಿ ಫ್ರೀ ಜಾಝ್: ಕೊಳ್ಳುವುದು, ಕಾಯುವುದು, ಕೇಳುವುದು

ಅವಾಂ-ಗಾರ್ಡ್ ಜಾಝ್ ಅಂದರೆ ಕಟ್ಟುಪಾಡು ಮುರಿದು ನುಡಿಸುವ ಪ್ರಯೋಗಶೀಲ ಜಾಝ್, ಫ್ರೀ ಜಾಝ್ ಅದರದೇ ಒಂದು ಬಗೆ. ಇದರ ಸಂಗ್ರಹಕ್ಕೆ ಇಳಿಯುವವರು ಸಾಮಾನ್ಯವಾಗಿ ಎಲ್ಲಕ್ಕಿಂತ ಉಗ್ರವಾದ ರೆಕಾರ್ಡ್ ತಟ್ಟೆಯನ್ನೇ ಮೊದಲು ಕೊಳ್ಳುತ್ತಾರೆ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಅಸೆನ್ಷನ್’ ಹೆಸರು ಕೇಳಿ ಸಾವಿರಾರು ರೂಪಾಯಿ ಕೊಟ್ಟು ತರಿಸಿ, ಐದು ನಿಮಿಷ ಕೇಳಿ, ಕಪಾಟಿಗೆ ಸೇರಿಸುತ್ತಾರೆ. ಆ ತಟ್ಟೆ ಅಲ್ಲೇ ಧೂಳು ತಿನ್ನುತ್ತದೆ. ಮೊದಲ ವರ್ಷಕ್ಕೆ ಆರು ಆಲ್ಬಂ ಸಾಕು, ಆದರೆ ಕ್ರಮ ತಪ್ಪಬಾರದು.

ಆಲಿಸ್ ಕೋಲ್ಟ್ರೇನ್ ಅವರ ‘ಜರ್ನಿ ಇನ್ ಸಚ್ಚಿದಾನಂದ’ದಿಂದ (1971) ಶುರು ಮಾಡಿ. ಹಿಂದೆ ತಂಬೂರಿ, ಅದರ ಮೇಲೆ ಒಂದೇ ಪಲುಕನ್ನು ತಿರುತಿರುಗಿ ನುಡಿಸುವ ಬಾಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ). ರಾತ್ರಿಯಿಡೀ ನಡೆಯುವ ಭಜನೆ ಕೇಳಿ ಬೆಳೆದವರಿಗೆ ಇದು ಪರಕೀಯ ಅನ್ನಿಸುವುದಿಲ್ಲ. ಎರಡನೆಯದು ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ‘ದಿ ಶೇಪ್ ಆಫ್ ಜಾಝ್ ಟು ಕಮ್’ (1959). ಇದರಲ್ಲಿ ಪಿಯಾನೋ ಇಲ್ಲ. ಹಾರ್ಮೋನಿಯಂನಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬಾರದು, ಅದರ ಸ್ವರಗಳು ಕಟ್ಟಿಹಾಕಿದಂಥವು ಎಂಬುದು ಹಾಡುವವರಿಗೆಲ್ಲ ಗೊತ್ತು. ಪಿಯಾನೋದ ಕಾರ್ಡ್ (ಒಟ್ಟಿಗೆ ನುಡಿಸುವ ಹಲವು ಸ್ವರಗಳ ಗುಚ್ಛ) ಕೂಡ ಸ್ಯಾಕ್ಸೊಫೋನನ್ನು ಹಾಗೇ ಕಟ್ಟಿಹಾಕುತ್ತದೆ, ಕೋಲ್ಮನ್ ಆ ಹಗ್ಗವನ್ನೇ ಬಿಚ್ಚಿದರು. ಮೊದಲ ಹಾಡು ‘ಲೋನ್ಲಿ ವುಮನ್’ನಲ್ಲಿ ಡ್ರಮ್ಸ್ ದ್ರುತದಲ್ಲಿ ಓಡುತ್ತಿದ್ದರೆ ಮೇಲಿನ ಧಾಟಿ ವಿಲಂಬಿತದಲ್ಲಿ ತೇಲುತ್ತದೆ. ಎರಡೂ ಲಯಗಳನ್ನು ಒಟ್ಟಿಗೆ ಹಿಡಿಯಲು ಕಿವಿ ಕಲಿತರೆ ಅರ್ಧ ದಾರಿ ಸವೆದಂತೆ.

ಮೂರನೆಯದು ಎರಿಕ್ ಡಾಲ್ಫಿ ಅವರ ‘ಔಟ್ ಟು ಲಂಚ್’ (1964). ನಾಲ್ಕನೆಯದು ಅದೇ ವರ್ಷ ಧ್ವನಿಮುದ್ರಿಸಿದ ಆಲ್ಬರ್ಟ್ ಐಲರ್ ಅವರ ‘ಸ್ಪಿರಿಚುಯಲ್ ಯೂನಿಟಿ’. ಅದರಲ್ಲಿ ಮೂವರೇ ವಾದಕರು, ಅರ್ಧ ಗಂಟೆಗೂ ಕಡಿಮೆ ಅವಧಿ. ಸನ್ನಿ ಮರ್ರೆ ಅವರ ಡ್ರಮ್ಸ್‌ನಲ್ಲಿ ತಾಳದ ಸಮ ಹುಡುಕಬೇಡಿ, ಅಲ್ಲಿ ತಾಳದ ಆವರ್ತನವೇ ಇಲ್ಲ. ಆಲಾಪ ಕೇಳುವಾಗ ಬೆರಳೆಣಿಸುವುದಿಲ್ಲವಲ್ಲ, ಹಾಗೆ ಕೇಳಿ.

ಐದನೆಯದು ಕೋಲ್ಮನ್ ಅವರ ‘ಫ್ರೀ ಜಾಝ್’. 1960ರ ಡಿಸೆಂಬರ್ 21ರಂದು ಎಂಟು ಜನ ಸೇರಿ ನುಡಿಸಿದ ಸುಮಾರು 37 ನಿಮಿಷದ ಒಂದೇ ಕೃತಿ. ಇದಕ್ಕೆ ಹೆಡ್‌ಫೋನ್ ಬೇಕೇ ಬೇಕು. ಎಡಗಿವಿಯಲ್ಲಿ ನಾಲ್ವರಿದ್ದಾರೆ: ಕೋಲ್ಮನ್, ಡಾನ್ ಚೆರ್ರಿ, ಬಾಸ್‌ನಲ್ಲಿ ಸ್ಕಾಟ್ ಲಫಾರೊ, ಡ್ರಮ್ಸ್‌ನಲ್ಲಿ ಬಿಲ್ಲಿ ಹಿಗ್ಗಿನ್ಸ್. ಬಲಗಿವಿಯಲ್ಲಿ ಇನ್ನು ನಾಲ್ವರು: ಬಾಸ್ ಕ್ಲಾರಿನೆಟ್ ಹಿಡಿದ ಡಾಲ್ಫಿ, ಫ್ರೆಡ್ಡಿ ಹಬರ್ಡ್, ಚಾರ್ಲಿ ಹೇಡನ್, ಎಡ್ ಬ್ಲಾಕ್‌ವೆಲ್. ಮೊದಲ ರಾತ್ರಿ ಎಡಗಿವಿ ಮಾತ್ರ, ಎರಡನೇ ರಾತ್ರಿ ಬಲಗಿವಿ ಮಾತ್ರ, ಮೂರನೇ ರಾತ್ರಿ ಎರಡೂ. ಮೊಬೈಲ್ ಸ್ಪೀಕರಿನಲ್ಲಿ ಹಾಕಿದರೆ ಎಂಟೂ ದನಿ ಕಲಸಿ ಬರೀ ಗದ್ದಲವಾಗುತ್ತದೆ. ಈ ಸಂಗೀತಕ್ಕೆ ಬಂದ ಕೆಟ್ಟ ಹೆಸರಿಗೆ ಇಂಥ ಕೇಳ್ಮೆಯೂ ಒಂದು ಕಾರಣ. ಎಲ್‌ಪಿಯಲ್ಲಿ (ಎರಡು ಬದಿಯ ವಿನೈಲ್ ತಟ್ಟೆ) ಈ ಕೃತಿ ನಡುವೆ ತುಂಡಾಗಿ ಎರಡು ಸೈಡಿಗೆ ಹಂಚಿಹೋಗಿದೆ. ಆದ್ದರಿಂದ ಇದನ್ನು ಸಿಡಿಯಲ್ಲೋ ಫ್ಲ್ಯಾಕ್ (ಗುಣಮಟ್ಟ ಕುಂದದ ಡಿಜಿಟಲ್ ಧ್ವನಿ) ಫೈಲಿನಲ್ಲೋ ಕೇಳುವುದು ಉತ್ತಮ.

ಇಷ್ಟಾದ ಮೇಲೆ ‘ಅಸೆನ್ಷನ್’. 1965ರ ಜೂನ್ 28ರಂದು ಹನ್ನೊಂದು ಜನ ಇದನ್ನು ಎರಡು ಸಲ ಪೂರ್ತಿ ನುಡಿಸಿದರು. ಮೇಳವೆಲ್ಲ ಒಟ್ಟಿಗೆ ಭೋರ್ಗರೆದ ಮೇಲೆ ಒಬ್ಬರ ಸೋಲೋ, ಮತ್ತೆ ಮೇಳ, ಮತ್ತೊಬ್ಬರ ಸೋಲೋ. ತತ್ವಪದದಲ್ಲಿ ಮುಂದಿನವರು ಎತ್ತಿಕೊಟ್ಟದ್ದನ್ನು ಹಿಮ್ಮೇಳ ಹಿಡಿಯುವ ಕ್ರಮ ಗೊತ್ತಿದ್ದವರಿಗೆ ಈ ಅಂದಾಜು ಬೇಗ ಸಿಗುತ್ತದೆ. ಮೊದಲು ಮಾರಾಟಕ್ಕೆ ಬಂದ ಎಲ್‌ಪಿಯಲ್ಲಿ ಒಂದು ಟೇಕ್ (ಆ ಎರಡು ಸಲದ ವಾದನದಲ್ಲಿ ಒಂದು) ಇತ್ತು, ಕೆಲವು ತಿಂಗಳಲ್ಲಿ ಕಂಪನಿ ಹೊದಿಕೆ ಬದಲಿಸದೆ ಇನ್ನೊಂದು ಟೇಕ್ ಹಾಕಿತು. ಗುರುತು ಹಿಡಿಯಲು ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು, ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಜಾಗ ನೋಡಿ. ಎರಡನೆಯದಾದರೆ ಅಲ್ಲಿ ‘ಎಡಿಷನ್’ ಎಂಬ ಪದ, ಪಕ್ಕದಲ್ಲಿ ಎರಡರ ರೋಮನ್ ಅಂಕಿ ಕೊರೆದಿರುತ್ತದೆ. ಕೇಳಿಯೂ ಹೇಳಬಹುದು: ಎಲ್ವಿನ್ ಜೋನ್ಸ್ ಅವರ ಡ್ರಮ್ಸ್ ಸೋಲೋ ಇದ್ದರೆ ಅದು ಮೊದಲನೆಯದು. ಮಾರುವವರು ಹೊದಿಕೆಯ ಫೋಟೋ ಮಾತ್ರ ಕಳಿಸಿದರೆ ಒಪ್ಪಬೇಡಿ, ಈ ಖಾಲಿ ಜಾಗದ ಫೋಟೋ ಕೇಳಿ.

ನಮ್ಮ ನಾಡಿನ ನಂಟಿರುವ ಎರಡು ಆಲ್ಬಂಗಳನ್ನು ಜೊತೆಗಿಡಬೇಕು. ಒಂದು, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಅವರೊಂದಿಗೆ ಮಾಡಿದ ‘ಜ್ಯೋತಿ’ (1983). ಇನ್ನೊಂದು, ಸ್ಯಾಕ್ಸೊಫೋನ್ ವಾದಕರಾದ ರುದ್ರೇಶ್ ಮಹಾಂತಪ್ಪ ಮತ್ತು ಕದ್ರಿ ಗೋಪಾಲನಾಥ್ ಅವರ ‘ಕಿನ್ಸ್‌ಮೆನ್’ (2008).

ಎಲ್‌ಪಿ ತರಿಸುವುದಾದರೆ ಅಕ್ಟೋಬರಿನಿಂದ ಫೆಬ್ರುವರಿಯೊಳಗೆ ತರಿಸಿ. ಏಪ್ರಿಲ್-ಮೇನಲ್ಲಿ ಇಲ್ಲಿನ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ, ಮುಚ್ಚಿದ ವ್ಯಾನಿನೊಳಗೆ ಅದಕ್ಕಿಂತ ಬಹಳ ಹೆಚ್ಚು, ತಟ್ಟೆ ಹಪ್ಪಳದಂತೆ ಡೊಂಕಾಗುತ್ತದೆ. ತಟ್ಟೆಯನ್ನು ರಟ್ಟಿನ ಹೊದಿಕೆಯಿಂದ ಹೊರತೆಗೆದು, ಪಕ್ಕದಲ್ಲಿಟ್ಟು ಪ್ಯಾಕ್ ಮಾಡಲು ಹೇಳಿ. ಒಳಗೇ ಇದ್ದರೆ ದಾರಿಯ ಕುಲುಕಾಟಕ್ಕೆ ಹೊದಿಕೆಯ ಅಂಚು ಸೀಳುತ್ತದೆ.

ಮನೆಯಲ್ಲಿ ಮೇಲಿನ ಮಹಡಿ ಬೇಡ, ಬಿಸಿಲು ಬೀಳುವ ಪಶ್ಚಿಮದ ಗೋಡೆಯೂ ಬೇಡ. ಒಳಕೋಣೆಯಲ್ಲಿ, ನೆಲದಿಂದ ಆರು ಇಂಚು ಎತ್ತರದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ನೆಲಕ್ಕೆ ತಾಗಿದರೆ ಮಳೆಗಾಲದ ತೇವ, ಗೆದ್ದಲು ಎರಡೂ ಕಾಡುತ್ತವೆ. ಒಂದಕ್ಕೊಂದು ಒರಗಿಸಿದರೂ, ಒಂದರ ಮೇಲೊಂದು ಪೇರಿಸಿದರೂ ಡೊಂಕಾಗುತ್ತವೆ. ಪಿವಿಸಿ ಕವರ್ ಸೆಕೆಗೆ ಅಂಟಿಕೊಂಡು ತಟ್ಟೆಯ ಮೇಲೆ ಮಂಜಿನಂಥ ಕಲೆ ಬಿಡುತ್ತದೆ, ಅದು ಹೋಗುವುದಿಲ್ಲ. ಪಾಲಿಥಿನ್ ಕವರನ್ನೇ ಹಾಕಿ.

ತೊಳೆಯಲು ಬೋರ್‌ವೆಲ್ ನೀರು ಖಂಡಿತ ಬೇಡ. ಶಹಾಬಾದ್ ಕಲ್ಲು ಕೊಡುವ ಸುಣ್ಣದ ನೆಲವೇ ನೀರನ್ನೂ ಗಡಸು ಮಾಡುತ್ತದೆ, ಒಣಗಿದ ಮೇಲೆ ಆ ಸುಣ್ಣ ಗೆರೆಯೊಳಗೆ ಕೂತು ಚಟಚಟ ಅನ್ನುತ್ತದೆ. 800 ಮಿಲಿ ಡಿಸ್ಟಿಲ್ಡ್ ನೀರಿಗೆ 200 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ. ಲೇಬಲ್ ನೆನೆಯದಂತೆ ನೋಡಿಕೊಂಡು, ಮೃದು ಬ್ರಷ್‌ನಿಂದ ಗೆರೆಯ ಗುಂಟ ದುಂಡಗೆ ಉಜ್ಜಿ, ಅಡ್ಡಡ್ಡ ಉಜ್ಜಬೇಡಿ. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಅರ್ಧ ಗಂಟೆ ನಿಲ್ಲಿಸಿ ಒಣಗಿಸಿ. ಫ್ಯಾನ್ ಆರಿಸಿರಿ, ಇಲ್ಲದಿದ್ದರೆ ತೊಳೆದ ಧೂಳು ತಿರುಗಿ ಬಂದು ಕೂರುತ್ತದೆ. ಹಳೆಯ 78 ಆರ್‌ಪಿಎಂ ಅರಗಿನ ತಟ್ಟೆಗೆ ಈ ಮಿಶ್ರಣ ತಾಕಿಸಬೇಡಿ, ಆಲ್ಕೋಹಾಲಿಗೆ ಅರಗು ಕರಗುತ್ತದೆ.

ಟರ್ನ್‌ಟೇಬಲ್ ಕೆಳಗೆ ಎರಡು ಅಡಿ, ಒಂದೂವರೆ ಅಡಿಯ, ಒಂದೂವರೆ ಇಂಚು ದಪ್ಪದ ಶಹಾಬಾದ್ ಫರ್ಸಿ ಹಾಕಿ. 25 ಕಿಲೋ ಮೀರುವ ಆ ಕಲ್ಲು ನಡಿಗೆಯ ಅದುರನ್ನು ತಡೆಯುತ್ತದೆ. ಆದರೆ ನಾಲ್ಕು ಮೂಲೆಗೂ ದಪ್ಪ ರಬ್ಬರ್ ಕೊಡದಿದ್ದರೆ ಕಲ್ಲೇ ಗಣ್ ಅನ್ನುತ್ತದೆ, ಬೆರಳ ಗೆಣ್ಣಿನಿಂದ ಬಡಿದು ನೋಡಿ. ಗೌಂಡಿಯ ರಸಮಟ್ಟ ಇಟ್ಟು ಸಮ ಮಾಡಿದ ಮೇಲೆ ಸೂಜಿಯ ಭಾರ ತೂಗಿ. ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್‌ಗೆ, ಅಂದರೆ ಸೂಜಿ ಹಿಡಿದಿರುವ ಸಾಮಾನ್ಯ ಬಗೆಯ ತಲೆಗೆ, ಸಾಮಾನ್ಯವಾಗಿ 1.5ರಿಂದ 2 ಗ್ರಾಂ. ಐಲರ್ ಅವರ ಎತ್ತರದ ಸ್ವರಗಳಲ್ಲಿ ಸೂಜಿ ಚೀರಿದರೆ ಭಾರ ಕಡಿಮೆ ಎಂದೋ, ಸೂಜಿ ಸವೆದಿದೆ ಎಂದೋ ಅರ್ಥ. ಅದು ಸಂಗೀತದ ದೋಷವಲ್ಲ.

ಅಮೆರಿಕದ ಹಳೇ ಟರ್ನ್‌ಟೇಬಲ್ ಅಗ್ಗಕ್ಕೆ ಸಿಕ್ಕರೂ ಪರೀಕ್ಷಿಸಿ. ಅದರ ಎಸಿ ಮೋಟಾರು 60 ಹರ್ಟ್ಸ್‌ಗೆ ಮಾಡಿದ್ದರೆ ನಮ್ಮ 50 ಹರ್ಟ್ಸ್‌ನಲ್ಲಿ 33⅓ ಸುತ್ತಿನ ಬದಲು 27.8 ಸುತ್ತು ತಿರುಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ವೇಗ ಸರಿಹೋಗುವುದಿಲ್ಲ. ಇನ್ವರ್ಟರ್ ಪ್ಯೂರ್ ಸೈನ್‌ವೇವ್ ಆಗಿರಲಿ, ಸ್ಕ್ವೇರ್‌ವೇವ್ ಆದರೆ ಫೋನೊ ಪ್ರೀಆಂಪ್‌ನಲ್ಲಿ (ಸೂಜಿಯ ಸಣ್ಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ) ಗುಂಯ್‌ಗುಡುವ ಸದ್ದು ಸೇರಬಹುದು. ಕರೆಂಟ್ ಹೋದ ಕೂಡಲೇ ಸೂಜಿ ಎತ್ತಿಬಿಡಿ.

ಕಛೇರಿ ಕೇಳಲು ಕಲಬುರಗಿಯಿಂದ ಬೆಂಗಳೂರಿಗೂ ಮುಂಬೈಗೂ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಮುಂಬೈನ ರಂಗಮಂದಿರ ಎನ್‌ಸಿಪಿಎ, ಬೆಂಗಳೂರು ವೈಟ್‌ಫೀಲ್ಡ್‌ನ ಸಂಗೀತ ತಾಣ ವಿಂಡ್‌ಮಿಲ್ಸ್, ಎರಡೂ ಊರಿನ ಮ್ಯಾಕ್ಸ್ ಮುಲ್ಲರ್ ಭವನಗಳ (ಜರ್ಮನ್ ಸಾಂಸ್ಕೃತಿಕ ಕೇಂದ್ರಗಳು) ಕಾರ್ಯಕ್ರಮ ಪಟ್ಟಿಯನ್ನು ನೋಡುತ್ತಿರಿ, ಟಿಕೆಟ್ ಸಿಕ್ಕ ಮೇಲೆಯೇ ರೈಲು ಬುಕ್ ಮಾಡಿ. ಸ್ಪೀಕರಿನ ನೇರಕ್ಕೆ ಕೂರಬೇಡಿ, ಬಾಸ್‌ನ ತಂತಿ ಮೇಲೆ ಬೆರಳು ಕಾಣುವಷ್ಟು ಹತ್ತಿರ, ಡ್ರಮ್ಸ್‌ಗೆ ತುಸು ಪಕ್ಕಕ್ಕೆ ಕೂತರೆ ಯಾರು ಯಾರನ್ನು ನೋಡಿ ತಿರುವು ತೆಗೆದುಕೊಂಡರು ಎಂಬುದು ಕಾಣುತ್ತದೆ. ರೆಕಾರ್ಡಿಂಗ್ ಅದನ್ನು ಎಂದೂ ತೋರಿಸಲಾರದು. ಇಯರ್‌ಪ್ಲಗ್ ಜೇಬಿನಲ್ಲಿರಲಿ: 100 ಡೆಸಿಬೆಲ್ ಸದ್ದಿಗೆ ಕಿವಿಯ ಸುರಕ್ಷಿತ ಮಿತಿ ದಿನಕ್ಕೆ 15 ನಿಮಿಷ ಮಾತ್ರ. ಒಂದಿಷ್ಟು ನಗದೂ ಇರಲಿ. ಕಛೇರಿ ಮುಗಿದ ಮೇಲೆ ವಾದಕರು ತಾವೇ ತಂದ ಸಿಡಿಗಳನ್ನು ಮಾರುವುದುಂಟು, ಅವು ಅಂಗಡಿಗಳಲ್ಲಿ ಸಿಗುವುದು ಕಷ್ಟ. ಮುಕ್ತ ವಾದನದಲ್ಲಿ ನಡುವೆ ಮೌನ ಬಂದಾಗ ಚಪ್ಪಾಳೆಗೆ ಆತುರ ಪಡಬೇಡಿ, ವಾದಕರು ಕೈ ಕೆಳಗಿಳಿಸಿ, ಸಿಂಬಲ್‌ನ ಕೊನೆಯ ನಾದ ಅಡಗುವವರೆಗೆ ಕಾಯಿರಿ.