ಮೂತ್ರ ಸೋರುತ್ತಾ? ನೀರು ಕುಡಿಯೋದು ಬಿಡಬೇಡಿ
ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ಸಿಕ್ಕಿಹಾಕಿಕೊಂಡರೆ ಏನು ಗತಿ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೆ ಆಫೀಸಿಗೆ ಹೊರಡುವವರಿದ್ದಾರೆ. ಅದರಿಂದ ಸೋರುವುದು ನಿಲ್ಲುವುದಿಲ್ಲ. ಮೂತ್ರ ಗಾಢವಾಗಿ ಮೂತ್ರಕೋಶಕ್ಕೆ ಕಿರಿಕಿರಿಯಾಗುತ್ತದೆ, ಅವಸರ ಇನ್ನೂ ಜಾಸ್ತಿಯಾಗಬಹುದು. ಮಲಬದ್ಧತೆ ಬೇರೆ.

ಮೊದಲು ಯಾವಾಗ ಸೋರುತ್ತದೆ ಅಂತ ನೋಡಿ. ಕೆಮ್ಮಿದಾಗ, ನಕ್ಕಾಗ, ನೀರಿನ ಕ್ಯಾನ್ ಎತ್ತಿದಾಗ ಆದರೆ ಕೆಳಹೊಟ್ಟೆಯ ತಳದ ಸ್ನಾಯು ಸಡಿಲವಾಗಿರುತ್ತದೆ. ಹೆರಿಗೆಯಾದವರಲ್ಲಿ ಇದು ಸಾಮಾನ್ಯ. ಮನೆ ಬೀಗ ತೆಗೆಯುವಷ್ಟರಲ್ಲೇ ತಡೆಯಲಾಗದೆ ಆಗಿಹೋದರೆ, ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಳ್ಳುತ್ತಿದೆ. ಎರಡೂ ಒಟ್ಟಿಗೆ ಇರಬಹುದು. ವಯಸ್ಸಾದ ಗಂಡಸರಿಗೆ ಧಾರೆ ಸಣ್ಣಗಾಗಿ, ಹೋಗಿಬಂದ ಮೇಲೂ ತೊಟ್ಟಿಕ್ಕುತ್ತಿದ್ದರೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯನ್ನು ಡಾಕ್ಟರಿಗೆ ತೋರಿಸಿಯೇ ಮುಂದಿನ ಮಾತು.

3 ದಿನ ಬರೆದಿಡಿ: ಎಷ್ಟು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಯಾವಾಗ ಸೋರಿತು.

ಕೆಮ್ಮಿದಾಗ ಸೋರುವವರಿಗೆ ಕೀಗಲ್ ವ್ಯಾಯಾಮ. ನಾಲ್ಕು ಜನರ ಮಧ್ಯೆ ಹೂಸು ತಡೆಯಲು ಒಳಗೆ ಬಿಗಿ ಹಿಡಿಯುತ್ತೀರಲ್ವಾ, ಅದೇ ಸ್ನಾಯು. 5 ಸೆಕೆಂಡ್ ಬಿಗಿ, 5 ಸೆಕೆಂಡ್ ಸಡಿಲ, ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಉಸಿರು ಕಟ್ಟಬೇಡಿ, ತೊಡೆ, ಕುಂಡೆ ಬಿಗಿಯಬೇಡಿ. ಮೂತ್ರ ಮಾಡುವಾಗ ಮಧ್ಯದಲ್ಲಿ ತಡೆದು ಅಭ್ಯಾಸ ಮಾಡುವುದು ಬೇಡ. ಮೆಟ್ರೋದಲ್ಲಿ ನಿಂತುಕೊಂಡೇ ಮಾಡಬಹುದು, ಪಕ್ಕದವರಿಗೆ ಗೊತ್ತೂ ಆಗಲ್ಲ. ಆದರೆ ವಾರಕ್ಕೇ ಫಲ ಕೇಳಬೇಡಿ, 3 ತಿಂಗಳು ಬೇಕು.

ಅವಸರದವರು ಓಡಬೇಡಿ. ನಿಂತಲ್ಲೇ ಅದೇ ಸ್ನಾಯುವನ್ನು ಐದಾರು ಸಲ ಬೇಗಬೇಗ ಬಿಗಿ ಮಾಡಿ, ಒತ್ತಡ ಇಳಿದ ಮೇಲೆ ನಿಧಾನ ನಡೆಯಿರಿ. ಗಂಟೆಗೊಮ್ಮೆ ಹೋಗುವವರು 15 ನಿಮಿಷ ಮುಂದೂಡಿ, ಅದು ಒಗ್ಗಿದ ಮೇಲೆ ಇನ್ನೊಂದು 15, ಹೀಗೆ 3 ಗಂಟೆವರೆಗೆ ತನ್ನಿ. ಸುಮ್ನೆ ಇರಲಿ ಅಂತ ಪದೇ ಪದೇ ಹೋದರೆ ಮೂತ್ರಕೋಶಕ್ಕೆ ಸ್ವಲ್ಪಕ್ಕೇ ಖಾಲಿಯಾಗುವ ಚಾಳಿ ಬೀಳುತ್ತದೆ. ಫಿಲ್ಟರ್ ಕಾಫಿ ಪೂರ್ತಿ ಬಿಡಿ ಅಂತ ಬೆಂಗಳೂರಿನವರಿಗೆ ಹೇಳುವ ಧೈರ್ಯ ನನಗಿಲ್ಲ, ಬೈಟೂಗೆ ಇಳಿಸಿ, ಸಂಜೆಯದು ಬಿಡಿ.

ಪ್ಯಾಡ್ ಬೇಕಾದರೆ ಮುಟ್ಟಿನ ಪ್ಯಾಡ್ ಅಲ್ಲ, ಮೂತ್ರಕ್ಕೆಂದೇ ಇರುವುದನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ.

ಉರಿ, ಜ್ವರ, ಮೂತ್ರದಲ್ಲಿ ರಕ್ತ ಇದ್ದರೆ ಕಾಯಬೇಡಿ. ತೊಡೆಸಂದು ಮರಗಟ್ಟಿದರೆ ಅಥವಾ ಕಾಲಿಗೆ ಶಕ್ತಿ ಇಲ್ಲದಂತಾದರೆ ಅದೇ ಕ್ಷಣ ಎಮರ್ಜೆನ್ಸಿಗೆ ಹೋಗಿ. ಶುಗರ್ ಪರೀಕ್ಷೆ ಮಾಡಿಸಿ. ಬಿಪಿ ಮಾತ್ರೆಯಿಂದ ಮೂತ್ರ ಜಾಸ್ತಿ ಅನಿಸಿದರೆ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಸರ್ಕಾರಿ ಕಡೆ ಬೇಕೆಂದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಕಿಡ್ನಿ, ಮೂತ್ರದ ಕಾಯಿಲೆಗಳನ್ನು ನೋಡುವ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಹೋಗುವಾಗ ಆ 3 ದಿನದ ಚೀಟಿ ಜೊತೆಗಿರಲಿ, ಡಾಕ್ಟರ್ ಕೇಳುವುದೂ ಅದನ್ನೇ.