ಚೀನಾದ ಶಾವ್‌ಖಾವ್ ಅಂಗಡಿಗೆ ಹೋದರೆ ಏನು ಹೇಳಬೇಕು, ಹೇಗೆ ತಿನ್ನಬೇಕು

ಕಡ್ಡಿಗೆ ಚುಚ್ಚಿದ ಮಾಂಸ, ತರಕಾರಿಯನ್ನು ಇದ್ದಿಲ ಕೆಂಡದ ಮೇಲೆ ಸುಟ್ಟು ಕೊಡುವ ತಿನಿಸಿಗೆ ಚೀನಾದಲ್ಲಿ ಶಾವ್‌ಖಾವ್ ಎನ್ನುತ್ತಾರೆ. ಇದರ ಅಂಗಡಿಗಳು ಹೆಚ್ಚಾಗಿ ಸಂಜೆ ತೆರೆದು ನಡುರಾತ್ರಿ ದಾಟುವವರೆಗೂ ನಡೆಯುತ್ತವೆ. ಹೊಸದಾಗಿ ಹೋದವರು ಪಟ್ಟಿಯಲ್ಲಿ ಕಂಡದ್ದನ್ನೆಲ್ಲ ಒಂದೇ ಸಲಕ್ಕೆ ತರಿಸಿಬಿಡುತ್ತಾರೆ. ನಲವತ್ತು ಕಡ್ಡಿ ಒಟ್ಟಿಗೆ ಬಂದು ಕೂತರೆ ಕೊನೆಯ ಇಪ್ಪತ್ತನ್ನು ತಣ್ಣಗೆ ತಿನ್ನಬೇಕಾಗುತ್ತದೆ. ಕುರಿಯ ಕೊಬ್ಬು ಆರಿದೊಡನೆ ಬೆಳ್ಳಗೆ ಹೆಪ್ಪುಗಟ್ಟಿ ಬಾಯಿಯ ಮೇಲ್ಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಕೆಂಡದಿಂದ ಇಳಿಸಿದಾಗಿದ್ದ ರುಚಿ ಆಮೇಲೆ ಸಿಗದು. ಆದ್ದರಿಂದ ಮೂರು ಸುತ್ತಿನಲ್ಲಿ ತರಿಸಿ. ಒಂದು ಸುತ್ತು ಮುಗಿಯುತ್ತ ಬಂದಾಗ ಮುಂದಿನದನ್ನು ಹೇಳಿ.

ಹೊರಡುವ ಮೊದಲೇ ಫೋನನ್ನು ಸಜ್ಜು ಮಾಡಿಕೊಳ್ಳಿ. ಬಹಳಷ್ಟು ಅಂಗಡಿಗಳಲ್ಲಿ ಮೇಜಿಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಯೇ ಆರ್ಡರ್ ಕೊಡಬೇಕು, ಹಣವನ್ನೂ ಅದರಲ್ಲೇ ಕಟ್ಟಬೇಕು. ಅಲ್ಲಿ ಹಣ ಕಟ್ಟಲು ಬಳಸುವ ಆ್ಯಪ್‌ಗಳಾದ ಅಲಿಪೇ ಅಥವಾ ವೀಚಾಟ್‌ನಲ್ಲಿ ಪಾಸ್‌ಪೋರ್ಟ್ ವಿವರ ಕೊಟ್ಟು, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅನ್ನು ಊರಿನಲ್ಲೇ ಜೋಡಿಸಿ. ಬ್ಯಾಂಕಿನ ಒಟಿಪಿ ಬರುವ ಸಿಮ್ ಜೊತೆಗಿರಲಿ. ಅಲ್ಲಿನ ವೈಫೈಯಲ್ಲಿ ಗೂಗಲ್ ತೆರೆಯುವುದಿಲ್ಲ. ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಪಟ್ಟಿಗೆ ಕ್ಯಾಮೆರಾ ಹಿಡಿದು ಓದಬಹುದು.

ಕ್ಯೂಆರ್ ಇಲ್ಲದ ಕಡೆ ಎರಡು ಕ್ರಮ ಕಾಣಬಹುದು. ಒಂದು, ಮುದ್ರಿಸಿದ ಚೀಟಿಯಲ್ಲಿ ಪ್ರತಿ ಹೆಸರಿನ ಮುಂದೆ ಎಷ್ಟು ಕಡ್ಡಿ ಬೇಕೆಂದು ಬರೆದು ಕೊಡುವುದು. ಇನ್ನೊಂದು, ಗಾಜಿನ ಫ್ರಿಜ್‌ನಲ್ಲಿ ಜೋಡಿಸಿಟ್ಟ ಹಸಿ ಕಡ್ಡಿಗಳನ್ನು ಬುಟ್ಟಿಗೆ ಆರಿಸಿಕೊಂಡು ಒಲೆಯವನ ಕೈಗೆ ಕೊಡುವುದು. ಭಾಷೆ ಬಾರದವರಿಗೆ ಬುಟ್ಟಿಯೇ ಒಳ್ಳೆಯದು, ತಿನ್ನಲಿರುವುದನ್ನು ಕಣ್ಣಾರೆ ನೋಡಿಯೇ ಎತ್ತಿಕೊಳ್ಳುತ್ತೀರಿ. ಬೆಲೆ ನೋಡುವಾಗ ಕಡ್ಡಿಯ ಗಾತ್ರವನ್ನೂ ಗಮನಿಸಿ. ಬೆರಳ ತುದಿಯಷ್ಟು ಮಾಂಸದ ಸಣ್ಣ ಕಡ್ಡಿಗಳನ್ನು ಕನಿಷ್ಠ ಐದು ಅಥವಾ ಹತ್ತರ ಲೆಕ್ಕದಲ್ಲೇ ಕೊಡುವುದುಂಟು. ಒಬ್ಬರು ಹದಿನೈದು ಇಪ್ಪತ್ತು ತಿನ್ನಬಹುದು. ವಾಯವ್ಯ ಚೀನಾದ ಶಿಂಜಿಯಾಂಗ್ ಶೈಲಿಯ ದೊಡ್ಡ ಕಡ್ಡಿಯಾದರೆ ಮೂರು ನಾಲ್ಕಕ್ಕೆ ಹೊಟ್ಟೆ ತುಂಬುತ್ತದೆ.

ಖಾರ ಎಷ್ಟು ಬೇಕೆಂದು ಆರ್ಡರ್ ಕೊಡುವಾಗಲೇ ಹೇಳಬೇಕು. ಜೀರಿಗೆ ಮತ್ತು ಮೆಣಸಿನ ಪುಡಿ ಕೆಂಡದ ಮೇಲೆ ಬೇಗ ಕರಕಾಗಿ ಕಹಿಯಾಗುವುದರಿಂದ ಅವನ್ನು ಕೊನೆಯಲ್ಲಿ ಉದುರಿಸುತ್ತಾರೆ. ಕೊಬ್ಬಿಗೆ ಅಂಟಿದ ಮೇಲೆ ಕೊಡವಿದರೂ ಉದುರುವುದಿಲ್ಲ. ‘ಬೂ ಲಾ’ ಎಂದರೆ ಖಾರ ಬೇಡ, ‘ವೇಯ್ ಲಾ’ ಎಂದರೆ ಸ್ವಲ್ಪ ಸಾಕು. ನಮ್ಮ ಕಡೆಯ ಖಾರಕ್ಕೆ ಒಗ್ಗಿದವರೂ ಸಿಚುವಾನ್, ಯುನ್ನಾನ್ ಕಡೆ ಮೊದಲ ಸುತ್ತಿಗೆ ವೇಯ್ ಲಾ ಹೇಳುವುದು ಕ್ಷೇಮ. ಆ ಕಡೆ ಒಣ ಪುಡಿಯನ್ನು ಪುಟ್ಟ ತಟ್ಟೆಯಲ್ಲಿ ಬೇರೆಯಾಗಿಯೂ ಕೊಡುತ್ತಾರೆ, ಬೇಕಾದಷ್ಟು ಅದ್ದಿಕೊಳ್ಳಬಹುದು.

ಮೊದಲ ಸುತ್ತಿನಲ್ಲಿ ಬೇಯಲು ಹೊತ್ತು ಹಿಡಿಯುವ ಬದನೆಕಾಯಿಯನ್ನು ಹೇಳಿಬಿಡಿ. ಇಡೀ ಕಾಯಿಯನ್ನು ಸುಟ್ಟು, ಸೀಳಿ, ಮೇಲೆ ಜಜ್ಜಿದ ಬೆಳ್ಳುಳ್ಳಿ ಹರಡಿ ಕೊಡುವ ಈ ತಿನಿಸನ್ನು ಬಿಡಲೇಬಾರದು. ಅದು ಬರುವವರೆಗೆ ಜಜ್ಜಿದ ಸೌತೆಕಾಯಿ, ಬೇಯಿಸಿದ ಕಡಲೆಕಾಯಿ ಇರಲಿ. ಜೊತೆಗೆ ಯಾಂಗ್‌ರೋ ಛ್ವಾನ್, ಅಂದರೆ ಕುರಿಮಾಂಸದ ಕಡ್ಡಿ. ತೆಳು ಮಾಂಸದ ನಡುವೆ ಒಂದು ತುಂಡು ಕೊಬ್ಬು ಇರುವುದನ್ನೇ ಆರಿಸಿ. ಆ ಕೊಬ್ಬು ಕರಗಿ ಅಕ್ಕಪಕ್ಕದ ತುಂಡುಗಳನ್ನು ಒಣಗದಂತೆ ಕಾಯುತ್ತದೆ. ಎರಡನೆಯ ಸುತ್ತಿಗೆ ಕೋಳಿರೆಕ್ಕೆ, ಮೆತ್ತಗಿನ ತೋಫು (ಸೋಯಾ ಹಾಲಿನ ಗಿಣ್ಣು) ಹಾಳೆ, ಅಣಬೆ, ಆಲೂಗಡ್ಡೆ ಬಿಲ್ಲೆ. ಕೊನೆಗೆ ಸುಟ್ಟ ನಾನ್ ರೊಟ್ಟಿ ಅಥವಾ ಮಂಟೋ (ಹಬೆಯಲ್ಲಿ ಬೇಯಿಸಿದ ಬನ್) ಹೋಳು.

ತಿನ್ನುವಾಗ ಲೋಹದ ಕಡ್ಡಿಯ ತುದಿಯನ್ನು ನೇರವಾಗಿ ಬಾಯೊಳಗೆ ಇಡಬೇಡಿ, ತುಟಿ ಸುಡುತ್ತದೆ. ಕಡ್ಡಿಯನ್ನು ಅಡ್ಡ ಹಿಡಿದು ಮುಂಹಲ್ಲಿನಿಂದ ಒಂದೊಂದೇ ತುಂಡನ್ನು ಪಕ್ಕಕ್ಕೆ ಎಳೆಯಿರಿ. ಬುಡದ ತುಂಡುಗಳು ಬಿಗಿಯಾಗಿ ಕೂತಿದ್ದರೆ ಚಾಪ್‌ಸ್ಟಿಕ್‌ನಿಂದ ತಟ್ಟೆಗೆ ತಳ್ಳಿಕೊಳ್ಳಿ. ಕೋಳಿ, ಹಂದಿ ಮಾಂಸದ ಒಳಗೆ ಕೆಂಪು ಉಳಿದಿದ್ದರೆ ಸಂಕೋಚಪಡದೆ ಕಡ್ಡಿಯನ್ನು ಹಿಂತಿರುಗಿಸಿ, ‘ಝಾಯ್ ಖಾವ್ ಯೀ ಶ್ಯಾ’ ಎನ್ನಿ, ಮತ್ತೆ ಸುಟ್ಟು ಕೊಡುತ್ತಾರೆ.

ಶಾನ್‌ಡಾಂಗ್ ಪ್ರಾಂತ್ಯದ ಝಿಬೋ ಊರಿನ ಕ್ರಮವೇ ಬೇರೆ. 2023ರ ವಸಂತದಲ್ಲಿ ದೇಶದ ಮೂಲೆಮೂಲೆಯಿಂದ ಜನ ಇದಕ್ಕಾಗಿಯೇ ಅಲ್ಲಿಗೆ ನುಗ್ಗಿದ್ದರು. ಅಲ್ಲಿ ಪ್ರತಿ ಮೇಜಿಗೂ ಒಂದು ಪುಟ್ಟ ಇದ್ದಿಲ ಒಲೆ ಇರುತ್ತದೆ. ಅಡುಗೆಮನೆಯಿಂದ ಮುಕ್ಕಾಲು ಬೆಂದ ಕಡ್ಡಿಗಳು ಬರುತ್ತವೆ, ಉಳಿದ ಕಾಲುಭಾಗ ನಿಮ್ಮ ಕೆಲಸ. ಕೆಂಡಕ್ಕೆ ಹತ್ತಿರ ಹಿಡಿದು ಆಗಾಗ ತಿರುಗಿಸಿ, ಕೊಬ್ಬು ಚಿಟಪಟ ಎಂದಾಗ ಒಲೆಯ ಮೇಲಿನ ಅಂತಸ್ತಿಗೆ ಎತ್ತಿಡಿ. ಅಲ್ಲಿ ಬಿಸಿ ಉಳಿಯುತ್ತದೆ, ಸೀಯುವುದಿಲ್ಲ. ಆಮೇಲೆ ಅಂಗೈಯಗಲದ ತೆಳು ರೊಟ್ಟಿಗೆ ಸಾಸ್ ಸವರಿ, ಹಸಿ ಈರುಳ್ಳಿ ದಂಟು ಇಟ್ಟು, ಎರಡು ಮೂರು ಕಡ್ಡಿಯನ್ನು ಅದರ ಮೇಲೆ ಒರಗಿಸಿ, ರೊಟ್ಟಿಯನ್ನು ಮಡಚಿ ಒತ್ತಿ ಹಿಡಿದು ಕಡ್ಡಿಯನ್ನು ಎಳೆದುಬಿಡಿ. ಸಡಿಲವಾಗಿ ಹಿಡಿದರೆ ಮಾಂಸವೂ ಕಡ್ಡಿಯ ಜೊತೆಗೇ ಹೊರಬರುತ್ತದೆ. ಈರುಳ್ಳಿಯ ಘಾಟು ಕೊಬ್ಬಿನ ಜಿಡ್ಡನ್ನು ಕತ್ತರಿಸುತ್ತದೆ, ಅದನ್ನು ಬಿಟ್ಟು ಸುತ್ತಿಕೊಂಡರೆ ರುಚಿ ಅರ್ಧಕ್ಕಿಳಿಯುತ್ತದೆ.

ಆಹಾರದಲ್ಲಿ ನಿಯಮವಿರುವವರು ಇದನ್ನು ಗಮನವಿಟ್ಟು ಓದಿ. ಪಟ್ಟಿಯಲ್ಲಿ ಬರೀ ‘ರೋ’, ಅಂದರೆ ಮಾಂಸ ಎಂದಷ್ಟೇ ಇದ್ದರೆ ಅದು ಸಾಮಾನ್ಯವಾಗಿ ಹಂದಿಯದು. ‘ನ್ಯೂ’ ದನ, ‘ಯಾಂಗ್’ ಕುರಿ ಅಥವಾ ಮೇಕೆ, ‘ಜೀ’ ಕೋಳಿ. ‘ಛಿಂಗ್‌ಝೆನ್’ ಫಲಕವಿರುವ ಮುಸ್ಲಿಂ ಅಂಗಡಿಗಳಲ್ಲಿ ಹಂದಿ ಇರುವುದಿಲ್ಲ, ದನದ ಮಾಂಸ ಇರುತ್ತದೆ. ಸಸ್ಯಾಹಾರಿಗಳಿಗೆ ಬದನೆ, ಜೋಳ, ಅಣಬೆ, ತೋಫು, ಮಂಟೋ ಎಲ್ಲ ಸಿಗುತ್ತವೆ. ಆದರೆ ಅವು ಬೇಯುವುದು ಮಾಂಸದ ಕೊಬ್ಬು ತೊಟ್ಟಿಕ್ಕಿದ ಅದೇ ಜಾಲರಿಯ ಮೇಲೆ. ಎಣ್ಣೆ ಸವರುವ ಬ್ರಷ್ಷೂ ಒಂದೇ. ಸಾಸ್‌ನಲ್ಲಿ ಆಯ್ಸ್ಟರ್ ಎಂಬ ಸಮುದ್ರದ ಚಿಪ್ಪುಜೀವಿಯ ಸಾರ, ಮಸಾಲೆಯಲ್ಲಿ ಕೋಳಿಸಾರದ ಪುಡಿ ಇರಬಹುದು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಜೊತೆಯವರೊಂದಿಗೆ ಕೂತು ಸೌತೆಕಾಯಿ, ಕಡಲೆಕಾಯಿ ತಿನ್ನಬಹುದು, ಊಟವನ್ನು ಬೇರೆ ಕಡೆ ಮುಗಿಸಿಕೊಳ್ಳುವುದೇ ಸರಿ. ಎಳ್ಳು, ಕಡಲೆಕಾಯಿ ಅಲರ್ಜಿ ಇದ್ದವರು ಅದ್ದಿಕೊಳ್ಳುವ ಪುಡಿಯನ್ನು ಮುಟ್ಟಬೇಡಿ, ಅದರಲ್ಲಿ ಎರಡೂ ಇರುವುದು ಮಾಮೂಲು.

ತಿಂದ ಕಡ್ಡಿಗಳನ್ನು ಎಸೆಯದೆ ಮೇಜಿನ ಡಬ್ಬಿಗೆ ಹಾಕಿ. ಕೆಲವು ಅಂಗಡಿಗಳು ಅವನ್ನು ಎಣಿಸಿಯೇ ಬಿಲ್ ಬರೆಯುತ್ತವೆ. ಪ್ಲಾಸ್ಟಿಕ್ ಸುತ್ತಿದ ತಟ್ಟೆ ಲೋಟದ ಸೆಟ್‌ಗೆ, ಟಿಶ್ಯೂ ಪೊಟ್ಟಣಕ್ಕೆ ಒಂದೆರಡು ಯುವಾನ್ ಸೇರಿಸಿದ್ದರೆ ಅದು ಮೋಸವಲ್ಲ, ಅಲ್ಲಿನ ರೂಢಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.